ಭಾಗಮ್ಮನ ಖಾನಾವಳಿಯ ತಾಮ್ರದ ಚರಿಗೆ

ಮೊದಲ ದಿನವೇ ಅವಳು ಬೈದಳು.

ಆಳಂದದ ನಡುಬಜಾರಿನಲ್ಲಿ, ಮೋಟಾರು ನಿಲ್ಲುವ ಜಾಗದಿಂದ ಕೂಗಿದರೆ ಕೇಳುವಷ್ಟು ಹತ್ತಿರ, ಭಾಗಮ್ಮನ ಖಾನಾವಳಿ. ಕೆಳಗೆ ಊಟ, ಮೇಲೆ ಪರಸ್ಥಳದವರಿಗೆ ಮಲಗಲು ಸಾಲುಕೋಣೆ. ಬಾಡಿಗೆ ಅಗ್ಗ, ತಿಗಣೆ ಪುಕ್ಕಟೆ. ಕಚೇರಿ ಕೆಲಸಕ್ಕೆ ಬಂದ ರೈತ, ಮಾಲು ಕೊಳ್ಳಲು ಬಂದ ವ್ಯಾಪಾರಿ, ಗಾಣಗಾಪುರಕ್ಕೆ ಹೊರಟ ಭಕ್ತ, ಎಲ್ಲರಿಗೂ ಅಲ್ಲೇ ಠಿಕಾಣಿ. ಎಲ್ಲರಿಗೂ ಅಂದರೆ, ಹೊಸ್ತಿಲಲ್ಲಿ ಭಾಗಮ್ಮ "ಯಾವ ಮಂದಿರಿ?" ಎಂದು ಕೇಳಿದಾಗ ಆಕೆಗೆ ಒಪ್ಪುವ ಉತ್ತರ ಕೊಟ್ಟ ಎಲ್ಲರಿಗೂ.

ಸೈದಪ್ಪನನ್ನು ಆಕೆ ಕೇಳಲಿಲ್ಲ. ಅವನು ಹಳ್ಳಿ ಹಳ್ಳಿ ತಿರುಗಿ ಮಕ್ಕಳ ತೋಳಿಗೆ ಸಿಡುಬಿನ ಮದ್ದು ಚುಚ್ಚುವ ಸರಕಾರಿ ನೌಕರ. ಜನ ಅದನ್ನು ದೇವಿ ಹಾಕುವುದು ಎನ್ನುತ್ತಿದ್ದರು. ಅವನ ಪರವಾಗಿ ಅವನ ಕರಿ ಕೋಟೇ ಉತ್ತರ ಕೊಟ್ಟಿತು. ಅಂಥ ಕೋಟಿನೊಳಗೆ ಹೊಲಗೇರಿಯ ಮೈಯೊಂದು ಇರಬಹುದೆಂಬ ವಿಚಾರ ಭಾಗಮ್ಮನ ತಲೆಗೆ ಹೊಳೆಯಲೇ ಇಲ್ಲ.

ಪಂಕ್ತಿಯಲ್ಲಿ ಕುಳಿತ. ತಾಮ್ರದ ಚರಿಗೆ ಹಿಡಿದು ನೀರು ನೀಡಲು ನಿಂಬೆವ್ವ ಬಂದಳು. ಎದುರಿಗೆ ಲೋಟವಿತ್ತು. ಆದರೂ ಚರಿಗೆ ಬಾಗುತ್ತಲೇ ಅವನ ಕೈಗಳೆರಡೂ ತಾವಾಗಿ ಕೂಡಿ ಬೊಗಸೆಯಾದವು.

"ಏ ಸಾಹೇಬ್ರ! ಕೈ ತೊಳಿಯೂದಿದ್ರ ಹಿತ್ತಲಕ್ಕ ಹೋಗ್ರಿ. ಇಲ್ಲಿ ಮಂದಿ ಉಣ್ಣಾಕತ್ತಾರ!" ನಿಂಬೆವ್ವ ಗದರಿದಳು.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸೈದಪ್ಪನ ಕಿವಿ ಕೆಂಪಾದವು. ಎಂಥ ಜಂಬದ ಹೆಂಗಸಪ್ಪ ಅಂದುಕೊಂಡ. ನಗದೇ ಉಳಿದಿದ್ದು ಅವಳ ಕಣ್ಣು ಮಾತ್ರ. ಅದು ಅವನಿಗೆ ಅಟ್ಟದ ಕೋಣೆಯಲ್ಲಿ ಮಲಗಿದ ಮೇಲೆ ನೆನಪಾಯಿತು.

ಮುಂದೆ ತನ್ನ ನೌಕರಿಯ ಊರಾದ ಅಫಜಲಪುರದಿಂದ ಎಲ್ಲಿಗೆ ಹೊರಟರೂ ಅವನ ದಾರಿ ಆಳಂದಕ್ಕೆ ಬಂದು ಸೇರುತ್ತಿತ್ತು. ನಿಂಬೆವ್ವ ದೂರದ ಊರಿನವಳು, ಗಂಡ ಸತ್ತವಳು, ಒಕ್ಕಲುಮನೆತನದಾಕಿ ಎಂದು ಭಾಗಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಇವನು ಕೂರುವ ಮೊದಲೇ ಇವನ ಲೋಟ ತುಂಬಿರುತ್ತಿತ್ತು. ಅವಳು ನೀರು ಕುಡಿದದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ.

"ದೇವಿ ಸಾಹೇಬ್ರ, ಇವತ್ತ ಯಾವ ಊರಿನ ಕೂಸುಗೋಳ್ನ ಅಳಿಸಿ ಬಂದ್ರಿ?"

"ಗೊಬ್ಬೂರಾಗ ಒಂದೂ ಅಳಲಿಲ್ಲ. ನನ್ನ ಕೈ ಅಷ್ಟ ಮೆತ್ತಗ ಅದ."

"ಹೌದೇನ್ರಿ? ತೋರಸ್ರಿ, ನೋಡೂನು."

ಅಂಗೈ ಚಾಚಿದ. ಅವಳು ಮುಟ್ಟಲಿಲ್ಲ, ನೋಡಿದಳು. ಅವನ ಕೈಯನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ. ಒಲೆಯ ಮೇಲೆ ರೊಟ್ಟಿ ಕರಕಾಯಿತು.

"ನಿಮ್ಮ ದೆಸಿಂದ ರೊಟ್ಟಿ ಹೊತ್ತಿತು ನೋಡ್ರಿ!"

"ಅದನ್ನ ನನಗ ಹಾಕ್ರಿ."

ಹಾಕಿದಳು. ಕರಕು ರೊಟ್ಟಿಗೆ ಇಷ್ಟು ರುಚಿ ಎಲ್ಲಿಂದ ಬಂತೆಂದು ಅವನು ಯೋಚಿಸುತ್ತ ತಿಂದ. ಯೋಚಿಸಿದಷ್ಟೂ ಎದೆ ಭಾರವಾಯಿತು. ಇವಳನ್ನು ಕೇಳಬೇಕು. ಕೇಳುವ ಮೊದಲು ತಾನು ಯಾರೆಂದು ಹೇಳಬೇಕು. ಹೇಳಿದ ಮೇಲೆ ಈ ಕಣ್ಣು ಹೀಗೇ ನೋಡುತ್ತದೆಯೇ?

ಅಷ್ಟರಲ್ಲಿ ಅವನಿಗೆ ಜೇವರ್ಗಿಗೆ ವರ್ಗವಾಯಿತು.

ಹೊರಡುವ ಬೆಳಗ್ಗೆ ಹಿತ್ತಲಿಗೆ ಹೋದ. ನಿಂಬೆವ್ವ ಬೂದಿ ಹಚ್ಚಿ ಚರಿಗೆ ತಿಕ್ಕುತ್ತಿದ್ದಳು. ಹೊರಗೆ ಮೋಟಾರಿಗೆ ಇದ್ದಿಲು ತುಂಬುವ ಸದ್ದು. ಲಡಾಯಿಯ ಕಾಲ, ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು.

"ನಿಂಬೆವ್ವ, ನಿನ್ನ ಕರಕೊಂಡು ಹೋಗಬೇಕಂತ ಜೀವ ಬಡಕೋತದ. ಆದ್ರ ಸುಳ್ಳ ಹೇಳಿ ಒಯ್ಯೂದಿಲ್ಲ. ನಾ ಹೊಲಗೇರಿಯಂವ."

ಕೂಗು ಏಳುತ್ತದೆಂದು ಕಾದ. ಏಳಲಿಲ್ಲ.

"ಗೊತ್ತದ," ಅಂದಳು.

"ಯಾರು ಹೇಳಿದ್ರು?"

"ನಿಮ್ಮ ಕೈ. ಎದುರಿಗಿ ಲೋಟ ಇದ್ರೂ ಬೊಗಸಿ ಹಿಡದ್ರಲ್ಲ! ನಾ ಅವತ್ತ ಬೈಯದಿದ್ರ ಭಾಗಮ್ಮಗೂ ತಿಳೀತಿತ್ತು."

ಇಷ್ಟು ದಿನ ಅವಮಾನವೆಂದು ಹೊತ್ತು ತಿರುಗಿದ್ದು ಕಾವಲಾಗಿತ್ತು.

ಹೊರಗೆ ಡ್ರೈವರ್ ಇಸ್ಮಾಯಿಲ ಹಾರ್ನ್ ಒತ್ತಿದ. ಭಾಗಮ್ಮ ಹಿತ್ತಲ ಬಾಗಿಲಿಗೆ ಬಂದಳು, ಆಕೆಯ ಹಿಂದೆಯೇ ಕೈ ತೊಳೆಯಲು ಬಂದ ಗಿರಾಕಿಗಳು. ನಿಂಬೆವ್ವ ಒಮ್ಮೆ ಒಲೆಯ ಕಡೆ, ಒಮ್ಮೆ ತಾನು ಮಲಗುವ ಮೂಲೆಯ ಕಡೆ ನೋಡಿದಳು. ಆಮೇಲೆ ಚರಿಗೆ ತುಂಬಿ ಅವನ ಕೈಗೆ ಕೊಟ್ಟಳು.

"ನೀರಡಿಕಿ ಆಗೇದ. ಸುರೀರಿ."

ಬಾಗಿ ನಿಂತಳು. ಮೊಣಕೈ ಪಕ್ಕೆಗೆ ಒತ್ತಿ, ಗದ್ದವನ್ನು ಅಂಗೈಗೆ ಹಚ್ಚಿ, ಹನಿಯೂ ಸೋರದ ಬೊಗಸೆ. ಹಗ್ಗ ಮುಟ್ಟಗೊಡದ ಬಾವಿಕಟ್ಟೆಯ ಕೆಳಗೆ ನಿಂತು, ಯಾರಾದರೂ ಸುರಿದಾರೆಂದು ಕಾದು ಕಾದು ಕಲಿತ ಬೊಗಸೆ. ಸೈದಪ್ಪನ ತಾಯಿ ಹೀಗೇ ಹಿಡಿಯುತ್ತಿದ್ದಳು.

ಅವನು ಸುರಿಯಲಿಲ್ಲ. ಚರಿಗೆಯನ್ನು ಇಳಿಸಿ ಆ ಬೊಗಸೆಯೊಳಗೇ ಇಟ್ಟ.

"ಕಚ್ಚಿ ಕುಡಿ," ಅಂದ.

ಅವಳು ತುಟಿ ಹಚ್ಚಿ ಕುಡಿದಳು. ಅವನ ಕಡೆ ಚಾಚಿದಳು. ಅವಳ ತುಟಿ ತಾಗಿದ ಅಂಚಿಗೇ ಅವನೂ ತುಟಿ ಇಟ್ಟ.

"ಏ ನಿಂಬಿ! ಚರಿಗಿ ಎಂಜಲಾ ಮಾಡ್ತೀಯೇನ? ಯಾವ ಕೇರಿಯಾಕಿ ಬೇ ನೀ?"

"ಹೊಲಗೇರಿಯಾಕೀರಿ ಅವ್ವಾರ. ಅವತ್ತ ನೀವು ಕೇಳಿದಾಗ ನನ್ನ ಹಸಿವು ಉತ್ತರಾ ಕೊಟ್ಟಿತ್ತು. ಇವತ್ತ ನಾ ಕೊಡಾಕತ್ತೇನಿ."

ಗಿರಾಕಿಯೊಬ್ಬ ವಾಂತಿ ಬಂದವನ ಹಾಗೆ ಬಾಯಿ ಮುಚ್ಚಿಕೊಂಡ. ನಿನ್ನೆ ಅದೇ ಬಾಯಿ ಅವಳ ರೊಟ್ಟಿಯನ್ನು ಕೇಳಿ ಕೇಳಿ ಹಾಕಿಸಿಕೊಂಡಿತ್ತು. ಇನ್ನೊಬ್ಬ ಕಟ್ಟಿಗೆಯ ರಾಶಿಗೆ ಕೈ ಹಾಕಿದ.

"ಚರಿಗಿ ಅಲ್ಲೇ ಇಡು!" ಭಾಗಮ್ಮ ಚೀರಿದಳು.

"ಇಟ್ರ ಮುಟ್ಟತೀರೇನ್ರಿ?"

ಭಾಗಮ್ಮನ ಕೈ ಮುಂದೆ ಬಂತು. ಅರ್ಧ ದಾರಿಯಲ್ಲಿ ನಿಂತಿತು.

"ಹಂಗಾದ್ರ ಇನ್ನ ಇದು ನಮ್ದ," ಎಂದು ನಿಂಬೆವ್ವ ಚರಿಗೆಯನ್ನು ಕಂಕುಳಿಗೆ ಇರುಕಿಕೊಂಡಳು.

ಇಬ್ಬರೂ ಹಿತ್ತಲ ಸಂದಿಯಿಂದ ಓಡಿದರು. ಬೆನ್ನ ಹಿಂದೆ ಬೈಗುಳ, ಓಡಿ ಬರುವ ಕಾಲುಗಳ ಸದ್ದು. "ಲಗೂ ಹತ್ರಿ!" ಎಂದು ಇಸ್ಮಾಯಿಲ ಮೋಟಾರು ಬಿಟ್ಟ. ಕಟ್ಟಿಗೆ ಹಿಡಿದವನು ಹೊಗೆಯೊಳಗೆ ಕೆಮ್ಮುತ್ತ ಉಳಿದ.

ಮೋಟಾರು ಊರು ದಾಟಿತು. ಸೈದಪ್ಪ ಅವಳ ಕೈ ಹಿಡಿದ. ಅದು ನಿಜಕ್ಕೂ ಮೆತ್ತಗಿದೆಯೇ ಎಂದು ಪರೀಕ್ಷಿಸುವವಳ ಹಾಗೆ ಅವಳು ಆ ಕೈಯನ್ನು ಒತ್ತಿ ನೋಡಿದಳು.

"ಜೇವರ್ಗ್ಯಾಗ ಮನಿ ಅದ ಏನ್ರಿ?"

"ಹುಡುಕಬೇಕು."

"ಯಾವ ಮಂದಿ ಅಂತ ಕೇಳಿದ್ರ?"

"ಕೇಳಿದ್ರ ಹೇಳೂನು."

"ಹೇಳಿದ್ರ ಕೊಡ್ತಾರೇನು?"

ಅವನು ಕರಿ ಕೋಟನ್ನು ಬಿಚ್ಚಿ ಮಡಚಿ ಪಕ್ಕಕ್ಕಿಟ್ಟ. ಅವಳು ಚರಿಗೆಯನ್ನು ಸೆರಗಿನಿಂದ ಒರೆಸಿ ತೊಡೆಯ ಮೇಲೆ ನೆಟ್ಟಗೆ ಕೂರಿಸಿದಳು.

"ಆಗ್ಲಿ ಬಿಡು. ಮನಿ ಸಿಗೂತನ, ಮನಿಯಾಗಿನ ಚರಿಗಿ ಅಂತೂ ಅದ."