ಅಲುಗಾಡಿದ ದುರ್ಗ

ಮಧುಗಿರಿಯ ತನ್ನ ಫೋಟೋ ಸ್ಟುಡಿಯೋ ಶಟರ್ ಎತ್ತಿದ ಯಶಸ್ವಿನಿ ಬಾಗಿಲಲ್ಲೇ ನಿಂತಳು. ಕ್ಯಾಮೆರಾ, ಲೆನ್ಸು, ದೀಪ, ಎಲ್ಲ ಪುಡಿಪುಡಿ. ಬೀಗ ಮಾತ್ರ ಮುರಿದಿರಲಿಲ್ಲ.

"ಇನ್ನೊಂದು ಕೀ ಯಾರತ್ರ ಇದೆ?" ಸಬ್‌ಇನ್‌ಸ್ಪೆಕ್ಟರ್ ಲೋಹಿತಾ ಬಂದವಳೇ ಕೇಳಿದಳು.

"ಅಶ್ವತ್ಥನ ಹತ್ರ, ಮೇಡಂ."

ಅಶ್ವತ್ಥ ಪಕ್ಕದಲ್ಲೇ ಕ್ಯಾಮೆರಾ ರಿಪೇರಿ ಅಂಗಡಿ ಇಟ್ಟವನು. ಅವನಿಗೂ ಯಶಸ್ವಿನಿಗೂ ಮದುವೆ ಗೊತ್ತಾಗಿತ್ತು.

ಎದುರಿಗೆ ಹೂ ಮಾರುವ ಪೆದ್ದಮ್ಮ ಸುಮ್ಮನಿರುವವಳಲ್ಲ. "ಮೊನ್ನೆ ಆ ಹುಡ್ಗ ಇಲ್ಲೇ ನಿಂತ್ಕಂಡು ಕೂಗಾಡ್ತಿದ್ದ ಕಣಮ್ಮ. ಕಂಡೋರ ಮದ್ವೆಗೆಲ್ಲ ಫೋಟೋ ಅಂತ ತಿರುಗ್ತೀಯ, ಒಂದಿನ ಈ ಕ್ಯಾಮೆರಾನೆಲ್ಲ ಒಡ್ದಾಕ್ಬುಡ್ತೀನಿ ಅಂದ. ನೆನ್ನೆ ದೀಪ ಹಚ್ಚೋ ಹೊತ್ನಾಗೆ ಒಳಗೆ ದಡಬಡ ಸದ್ದು. ಇವ್ಳೇ ಸಾಮಾನು ಜೋಡುಸ್ತಾವ್ಳೆ ಅಂದ್ಕಂಡೆ."

ಆ ಹೊತ್ತಿಗೆ ಕೆರೆ ಏರಿ ಮೇಲೆ ಒಬ್ಬನೇ ಕೂತಿದ್ದೆ ಅಂದ ಅಶ್ವತ್ಥ. ನೋಡಿದವರು ಯಾರೂ ಇಲ್ಲ. ಅವನನ್ನು ಠಾಣೆಯಲ್ಲಿ ಕೂರಿಸಿದರು.

"ಅವನಿಗೆ ಹೊಟ್ಟೆಕಿಚ್ಚು ಮೇಡಂ," ಅಂದಳು ಯಶಸ್ವಿನಿ. "ಅವನೇ ಮಾಡಿದ್ರೆ ಈ ಮದ್ವೆ ಮುರೀತು."

* * *

ಲೋಹಿತಾಗೆ ಸಮಾಧಾನವಿಲ್ಲ. "ಬೀಗ ಯಾವ ಕಾಲದ್ದು?"

"ನಾಗಭೂಷಣ್ ಸರ್ ಕಾಲದ್ದು. ಮೊದಲು ಇದು ಅವರ ಅಂಗಡಿ. ನಂಗೆ ಫೋಟೋ ಕಲಿಸಿದವರು. ಬೀಗ ಬದಲಾಯಿಸಿದ್ರೆ ಗುರುಗಳನ್ನ ಅನುಮಾನಿಸಿದ ಹಾಗಾಗುತ್ತೆ ಅಂತ ಬಿಟ್ಟೆ."

ಗುರುಭಕ್ತಿ ಒಳ್ಳೆಯದೇ. ಆದರೆ ಬೀಗದ ವಿಷಯದಲ್ಲಿ ಬೇಡ.

ನಾಗಭೂಷಣ್ ಸ್ಟುಡಿಯೋ ಅದೇ ರಸ್ತೆಯ ಮೊದಲಲ್ಲಿತ್ತು. ದೊಡ್ಡ ಬೋರ್ಡು, ಗಿರಾಕಿ ಇಲ್ಲ.

"ನಿನ್ನೆ ಸಂಜೆ ಚನ್ನರಾಯನದುರ್ಗದಲ್ಲಿದ್ದೆ," ಎಂದ. "ಟ್ರೈಪಾಡ್ ಹಾಕಿ ಅಲ್ಲಿನ ಕೋಟೆಯ ಫೋಟೋ ತೆಗೆದೆ. ತಗೊಳ್ಳಿ." ಕ್ಯಾಮೆರಾದಿಂದ ಕಾರ್ಡ್ ತೆಗೆದು ಕೊಟ್ಟ.

ಅವನದೇ ಕ್ಯಾಮೆರಾ. ಫೋಟೋ ತೆಗೆದ ಹೊತ್ತೂ ಪೆದ್ದಮ್ಮ ಸದ್ದು ಕೇಳಿದ ಹೊತ್ತಿಗೆ ಸರಿಯಾಗಿತ್ತು.

* * *

ಠಾಣೆಯ ಕಂಪ್ಯೂಟರಿನಲ್ಲಿ ಫೋಟೋ ದೊಡ್ಡದು ಮಾಡಿದಾಗ ಯಶಸ್ವಿನಿ ಹುಬ್ಬು ಗಂಟಿಕ್ಕಿದಳು.

"ಇದು ಸರ್ ತೆಗೆದಿದ್ದಲ್ಲ."

"ಹೇಗೆ ಹೇಳ್ತೀಯ?"

"ಕೋಟೆ ಅಲುಗಾಡಿದೆ, ಅಂಚೆಲ್ಲ ಮಸುಕು. ಕೈ ನಡುಗಿದ್ರೆ ಸರಿ ಮಾಡೋಕೆ ಲೆನ್ಸಲ್ಲಿ ಸ್ಟೆಬಿಲೈಸರ್ ಇರುತ್ತೆ. ಟ್ರೈಪಾಡ್ ಮೇಲಿಟ್ಟಾಗ ಅದನ್ನ ಆಫ್ ಮಾಡ್ಬೇಕು. ಇಲ್ದಿದ್ರೆ ಇಲ್ಲದ ನಡುಕ ಹುಡುಕ್ತಾ ಲೆನ್ಸೇ ನಡುಗುತ್ತೆ. ಇಲ್ಲಿ ನೋಡಿ, ಆನ್ ಅಂತ ಫೈಲಲ್ಲೇ ದಾಖಲಾಗಿದೆ. ಇದನ್ನ ಮರೆತಿದ್ದಕ್ಕೆ ಸರ್ ನನ್ನ ತಲೆಗೆ ಮೊಟಕಿದ್ದಾರೆ."

"ಅವರೂ ಮರೆತೆ ಅಂದ್ಬಿಟ್ರೆ?"

ಕೇಳುವಾಗಲೇ ಲೋಹಿತಾಗೆ ಒಂದು ಉಪಾಯ ಹೊಳೆದಿತ್ತು. ಠಾಣೆಗೆ ಬರುವಂತೆ ನಾಗಭೂಷಣ್‌ಗೆ ಹೇಳಿ ಕಳಿಸಿದಳು.

* * *

ನಾಗಭೂಷಣ್ ಬಂದ. ಜೊತೆಗೆ ಅವನ ಕೈಕೆಳಗೆ ಕೆಲಸ ಮಾಡುವ ಭಾಮೈದ ಪ್ರಭುದೇವ್.

"ನಿಮ್ಮ ಫೋಟೋ ಅಲುಗಾಡಿದೆಯಲ್ಲ?" ಲೋಹಿತಾ ಕೇಳಿದಳು.

"ಗಾಳಿ ಇತ್ತು."

"ಸ್ಟೆಬಿಲೈಸರ್ ಆನ್ ಇತ್ತಂತೆ. ಯಶಸ್ವಿನಿ ನೋಡಿ ನಕ್ಕಳು. ಸರ್‌ಗೆ ವಯಸ್ಸಾಯ್ತು, ಇಷ್ಟೂ ಗೊತ್ತಾಗಲ್ಲ ಅಂದಳು."

ಶುದ್ಧ ಸುಳ್ಳು. ನಾಗಭೂಷಣ್ ಕನ್ನಡಕ ಏರಿಸಿ ಪರದೆ ನೋಡಿದ. ಮುಖ ಕಪ್ಪಿಟ್ಟಿತು.

"ಅವಳು ನಕ್ಕಳಾ? ನನ್ನ ನೋಡಿ?" ಭಾಮೈದನ ಕಡೆ ತಿರುಗಿದ. "ಲೇ ಪ್ರಭು, ಆಫ್ ಮಾಡೋ ಅಂತ ಬಡ್ಕೊಂಡಿದ್ನಲ್ಲೋ!"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಿದ್ದ.

"ಮರೆತೆ ಭಾವ," ಪ್ರಭುದೇವ್ ತಡವರಿಸಿದ. "ಮದ್ವೆ ಮನೇಲಿ ಕೈಯಲ್ಲೇ ಹಿಡ್ದು ತೆಗ್ದು ಅಭ್ಯಾಸ."

"ದುರ್ಗಕ್ಕೆ ಹೋಗಿದ್ದು ಇವನು, ಯಶಸ್ವಿನಿ ಅಂಗಡಿಗೆ ಹೋಗಿದ್ದು ನೀವು," ಅಂದಳು ಲೋಹಿತಾ. "ಹಳೇ ಕೀ ನಿಮ್ಮ ಹತ್ರ ಇತ್ತು. ಅಶ್ವತ್ಥ ಕೂಗಾಡಿದ್ದು ಇಡೀ ರಸ್ತೆಗೆ ಕೇಳಿತ್ತು. ತಪ್ಪು ಅವನ ತಲೆಗೇ ಬರುತ್ತೆ ಅಂತ ಲೆಕ್ಕ ಹಾಕಿದ್ರಿ. ಕ್ಯಾಮೆರಾದ ಪುಟ್ಟ ಪರದೇಲಿ ಫೋಟೋ ಚೆನ್ನಾಗೇ ಕಂಡಿತ್ತು, ದೊಡ್ಡದು ಮಾಡಿ ನೋಡ್ಲಿಲ್ಲ."

ನಾಗಭೂಷಣ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಜನ ನನ್ನ ಬಾಗಿಲಿಗೆ ಬಂದು, ಯಶಸ್ವಿನಿ ಸ್ಟುಡಿಯೋ ಎಲ್ಲಿ ಅಂತ ಕೇಳ್ತಾರೆ ಮೇಡಂ. ದಿನಾ ನಾನೇ ಎದ್ದು ದಾರಿ ತೋರಿಸ್ಬೇಕು. ಎಷ್ಟು ದಿನ ತೋರಿಸ್ಲಿ?"

* * *

ಅಶ್ವತ್ಥ ಹೊರಗೆ ಬಂದಾಗ ಯಶಸ್ವಿನಿ ಮೆಟ್ಟಿಲ ಬಳಿ ನಿಂತಿದ್ದಳು.

"ನೀನೇ ಅಂದ್ಕೊಂಡ್ಬಿಟ್ಟೆ ಕಣೋ. ತಪ್ಪಾಯ್ತು."

"ನನ್ನ ಮಾತೂ ಹಂಗೇ ಇತ್ತಲ್ಲ." ಅವನು ತಲೆ ಎತ್ತಲಿಲ್ಲ. "ಒಳಗೆ ನಾಗಭೂಷಣ್ ಸರ್ ಮುಖ ನೋಡಿ ಭಯ ಆಯ್ತು. ನಾಳೆ ನಾನೂ ಅವರಂಗೇ ಆಗ್ಬಿಟ್ರೆ?"

"ಆ ಭಯ ಬಿಡ್ಬೇಡ," ಅಂದಳು ಯಶಸ್ವಿನಿ. "ಅದು ಇರೋವರ್ಗೂ ನಿನ್ನ ಮದ್ವೆ ಆಗೋಕೆ ನಂಗೆ ಭಯ ಇಲ್ಲ."