ಹತ್ತು ನಲವತ್ತರ ಜಿಗಿತ

ಧಾರವಾಡದ ಆ ಪ್ರಯೋಗಾಲಯದಲ್ಲಿ ‘ಲಕ್ಷಣಯಂತ್ರ’ ಮೂರು ತಿಂಗಳಿಂದ ಎಡೆಬಿಡದೆ ದುಡಿಯುತ್ತಿತ್ತು. ಕಪ್ಪು ಪೆಟ್ಟಿಗೆಯೊಳಗಿನ ಟ್ರಾನ್ಸಿಸ್ಟರುಗಳಿಗೆ ನಾನಾ ವೋಲ್ಟೇಜು ಕೊಟ್ಟು, ಹರಿಯುವ ವಿದ್ಯುತ್ತನ್ನು ಅಳೆದು, ಅವುಗಳ ನಡವಳಿಕೆಗೆ ತಾನೇ ಸಮೀಕರಣ ಬರೆಯುತ್ತಿತ್ತು. ಅಳತೆಗೆ ಬೇಕಾದದ್ದನ್ನು ಯಾರೂ ಹೊರಗೊಯ್ಯದಂತೆ ತಡೆಯುವ ಅಧಿಕಾರವೂ ಅದಕ್ಕಿತ್ತು. 2064ರ ಮಾರ್ಚಿನ ಒಂದು ಸೋಮವಾರ ಅದು ಕಸಗುಡಿಸುವ ಫಕೀರವ್ವನ ರಜೆ ಅರ್ಜಿಯನ್ನು ತಿರಸ್ಕರಿಸಿತು.

ಫಕೀರವ್ವ ಚೀಟಿ ಹಿಡಿದು ವಿಜ್ಞಾನಿ ನಿರುಪಮಾ ಹೆಬ್ಬಳ್ಳಿಯ ಮುಂದೆ ನಿಂತಳು.

“ಮಗಳ ಬಾಣಂತನಕ್ಕ ಹೋಗಬೇಕ್ರಿ ಮೇಡಂ. ಇಲ್ನೋಡ್ರಿ, ‘ಅವಶ್ಯಕ ಉಪಕರಣ, ಹೊರಗೆ ಕಳಿಸುವಂತಿಲ್ಲ’ ಅಂತ ಬರದೈತಿ. ನಾ ಉಪಕರಣ ಏನ್ರಿ?”

ನಿರುಪಮಾ ಸಮೀಕರಣ ತೆರೆದು ನೋಡಿದಳು. ಅದರ ತುದಿಯಲ್ಲಿ ಗುರುತಿಲ್ಲದ ಒಂದು ಅಂಶವಿತ್ತು. ದಿನವೂ ಬೆಳಿಗ್ಗೆ ಹತ್ತು ನಲವತ್ತಕ್ಕೆ, ಆರಿರಬೇಕಾದ ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ತು ಜಿಗಿಯುತ್ತಿತ್ತು. ಭಾನುವಾರ ಮಾತ್ರ ಇಲ್ಲ. ಹಾಜರಿ ಪಟ್ಟಿಯಲ್ಲಿ ಫಕೀರವ್ವನೂ ಭಾನುವಾರ ಮಾತ್ರ ಇರಲಿಲ್ಲ.

“ಆ ಹೊತ್ತಿನ್ಯಾಗ ನೀವೇನ್ ಮಾಡ್ತೀರಿ?”

“ಪೆಟಗಿ ಒರಸ್ತೀನ್ರಿ. ಒಳಗ ಧೂಳಿದ್ರ ಬೈಸ್ಕೊಳ್ಳಾಕಿ ನಾನ ಅಲ್ರಿ? ಮುಚ್ಚಳಾ ತಗದ ಒರಸ್ತೀನಿ.”

ನಿರುಪಮಾ ಹಣೆ ಚಚ್ಚಿಕೊಂಡಳು. ಕಿಟಕಿಯ ಬೆಳಕು ಒಳಗೆ ಬಿದ್ದಾಗಲೆಲ್ಲ ವಿದ್ಯುತ್ತು ಸೋರಿತ್ತು. ಯಂತ್ರ ಅದನ್ನು ಸೃಷ್ಟಿನಿಯಮವೆಂದೇ ಬಗೆದಿತ್ತು.

“ಇವು ಬರಿದು-ಬಗೆಯ ಟ್ರಾನ್ಸಿಸ್ಟರ್ ಫಕೀರವ್ವ. ಸುಮ್ನ ಬಿಟ್ರ ವಿದ್ಯುತ್ತು ಹರೀತೈತಿ. ಗೇಟ್ ಅನ್ನೋ ಕಾಲಿಗೆ ಋಣ ವೋಲ್ಟೇಜ್ ಕೊಟ್ರಷ್ಟ ಒಳಗಿನ ದಾರಿ ಬರಿದಾಗಿ ನಿಲ್ತೈತಿ.”

“ನಮ್ಮ ಮನಿಯವರಂಗ ಅನ್ರಿ. ಮಾತ್ ಸುರು ಮಾಡಂತ ಹೇಳಬೇಕಿಲ್ಲ. ನಿಲ್ಲಸಾಕ ನಾನ ಕಣ್ ಕಿಸೀಬೇಕು.”

ಯಂತ್ರ ಹಟ ಬಿಡಲಿಲ್ಲ. ಮರುದಿನ ಮುಚ್ಚಳ ತೆಗೆಯದಿದ್ದಾಗ ಅದು ಒಳ್ಳೆಯ ಟ್ರಾನ್ಸಿಸ್ಟರುಗಳನ್ನೆಲ್ಲ ಕೆಟ್ಟವೆಂದಿತು. ನಿರುಪಮಾ ಟಾರ್ಚು ಬಿಟ್ಟು ನೋಡಿದಳು, ‘ನಕಲಿ’ ಎಂದಿತು. ಫಕೀರವ್ವನನ್ನು ಬಿಡಿಸಬೇಕಾದರೆ ಮೂರು ತಿಂಗಳ ಅಳತೆಯನ್ನೆಲ್ಲ ಅಳಿಸಬೇಕಿತ್ತು. ಊರ ಹೊರಗಿನ ಗುಡ್ಡಕ್ಕೆ ಕಟ್ಟುತ್ತಿದ್ದ ರೋಪ್‌ವೇಯ ಬ್ರೇಕಿಗೆ ಈ ಟ್ರಾನ್ಸಿಸ್ಟರುಗಳು ಮೇ ತಿಂಗಳಲ್ಲೇ ಬೇಕಿದ್ದವು. ನಿಯಂತ್ರಣದ ತಂತಿ ಕಡಿದರೂ ವಿದ್ಯುತ್ತು ಹರಿದು ಬ್ರೇಕು ಹಿಡಿಯಲೆಂದು ಅವನ್ನು ಆರಿಸಿದ್ದರು. ನಿರ್ದೇಶಕರು ಹರಿಹಾಯುವುದು ಖಂಡಿತ.

“ಮಗಳಿಗೆ ದಿನ ತುಂಬೋದು ಯಾವಾಗ?”

“ಇನ್ನೊಂದ್ ವಾರ ಐತ್ರಿ. ಚೊಚ್ಚಲು.”

ನಿರುಪಮಾ ಗುಂಡಿ ಒತ್ತಿದಳು. ಎಲ್ಲವೂ ಅಳಿಸಿಹೋಯಿತು. ಫಕೀರವ್ವ ಮಧ್ಯಾಹ್ನದ ಬಸ್ಸಿಗೇ ಗದಗಕ್ಕೆ ಹೋದಳು. ಬೈಗುಳ ತಿಂದ ನಿರುಪಮಾ ಪೆಟ್ಟಿಗೆಗೆ ಬೀಗ ಹಾಕಿಸಿ, ಏಪ್ರಿಲ್ ಮುಗಿಯುವುದರೊಳಗೆ ಗಾಢ ಕತ್ತಲೆಯ ಶುದ್ಧ ಸಮೀಕರಣ ಒಪ್ಪಿಸಿದಳು.

ರೋಪ್‌ವೇ ಉದ್ಘಾಟನೆಯ ದಿನ, ಸಚಿವರನ್ನು ಹೊತ್ತ ತೊಟ್ಟಿಲು ನಡುಹಾದಿಯಲ್ಲಿ ನಿಂತುಬಿಟ್ಟಿತು. ಜನರಿಗೆ ಒಳಗಿನ ತಂತ್ರಜ್ಞಾನ ಕಾಣಲೆಂದು ಯಾರೋ ಉತ್ಸಾಹಿಗಳು ಬ್ರೇಕಿನ ಪೆಟ್ಟಿಗೆಗೆ ಗಾಜಿನ ಮುಚ್ಚಳ ಹಾಕಿಸಿದ್ದರು. ಬಿಸಿಲು ಬೀಳುತ್ತಲೇ ವಿದ್ಯುತ್ತು ಸೋರಿ, ಹಿಡಿದ ಬ್ರೇಕು ಬಿಡಲೇ ಇಲ್ಲ. ಮೋಡ ಬಂದ ಮೇಲೆ ಸಚಿವರು ಇಳಿದರು.

ಗಾಜು ತೆಗೆಯಲು ಆ ಉತ್ಸಾಹಿಗಳು ಒಪ್ಪದ್ದರಿಂದ, ಬೆಳಕಿನಲ್ಲಿ ಎಷ್ಟು ಸೋರುತ್ತದೆಂಬ ಲೆಕ್ಕ ಈಗ ತುರ್ತಾಗಿ ಬೇಕಾಯಿತು. ಇದ್ದುದನ್ನೆಲ್ಲ ಅಳಿಸಿದ್ದ ನಿರುಪಮಾ ಗದಗಕ್ಕೆ ಫೋನು ಮಾಡಿದಳು.

“ಫಕೀರವ್ವ, ನಾಳೆ ಬರಾಕ ಆಗ್ತದೇನು? ಯಂತ್ರಕ್ಕ ನೀವು ಬೇಕಾಗೀರಿ.”

ಆ ಕಡೆ ಕೂಸೊಂದು ಅಳುತ್ತಿತ್ತು.

“ಈಗ ಆಗಂಗಿಲ್ರಿ, ಮೊಮ್ಮಗಳಿಗೆ ಎಣ್ಣಿ ಹಚ್ಚಾಕತ್ತೀನಿ. ಮುಚ್ಚಳಾ ನೀವ ತಗೀರಿ ಮೇಡಂ. ಆದ್ರ ಒಣಾ ಅರಬಿಲೆ ಒರಸ್ರಿ, ಹಸೀದು ತಗೋಬ್ಯಾಡ್ರಿ. ಕೆಟ್ಟೀತು.”