ಹಡಗಿನಲ್ಲಿ ಬಂದ ನೂಲು

"ಇದು ನನ್ನ ನೂಲಲ್ಲ!"

ಮಗ್ಗದ ಮೇಲಿನ ಬಟ್ಟೆಯನ್ನು ಸವರುತ್ತಿದ್ದ ಅತ್ತೆ ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ನೂಲು ಸಾಕಾಗುತ್ತಿದೆಯೋ ಇಲ್ಲವೋ ಕೇಳೋಣವೆಂದು ಗೋಡೆ ಹಿಡಿದುಕೊಂಡು ಒಳಗೆ ಬಂದಿದ್ದರು. ಕಣ್ಣು ಮಂಜಾಗಿ ಮೂರು ವರ್ಷವಾಗಿತ್ತು. ಆದರೆ ನಲವತ್ತು ವರ್ಷ ರಾಟೆಯ ಮುಂದೆ ಪಳಗಿದ ಬೆರಳುಗಳಿಗೆ ಕಣ್ಣಿನ ಹಂಗಿರಲಿಲ್ಲ. ಅವರು ನೂತದ್ದು ಅಲ್ಲೊಂದು ಚೂರು ದಪ್ಪ, ಇಲ್ಲೊಂದು ಚೂರು ತೆಳು. ಇದೋ, ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಮ!

ಲಾಳಿ ಹಿಡಿದಿದ್ದ ಮಗ ಕಲ್ಲಾಗಿ ಕುಳಿತ. ಸೊಸೆ ಗಂಡನ ಮುಖ ನೋಡಿದಳು. ಅಲ್ಲಿ ರಕ್ತವೇ ಇರಲಿಲ್ಲ.

ನಡೆದದ್ದು ಇಷ್ಟು. ಕಡಲಾಚೆಯ ದೇಶದಲ್ಲಿ ಉಗಿಯಂತ್ರಗಳು ನೂಲಲು ಶುರುಮಾಡಿದ್ದವು. ಬೀದಿಯ ಹೆಂಗಸರೆಲ್ಲ ತಿಂಗಳುಗಟ್ಟಲೆ ನೂತರೂ ಆಗದಷ್ಟು ನೂಲು ಒಂದೇ ಹಡಗಿನಲ್ಲಿ ಬಂದಿಳಿಯುತ್ತಿತ್ತು. ಕೈನೂಲಿನ ಬಟ್ಟೆ ತಂದರೆ ಮುಟ್ಟುವುದಿಲ್ಲವೆಂದು ಜವಳಿ ವರ್ತಕ ಕಡ್ಡಿ ಮುರಿದಂತೆ ಹೇಳಿದ್ದ. ಮಗ ಹಡಗಿನ ನೂಲನ್ನೇ ಹಾಸು, ಹೊಕ್ಕು ಎರಡಕ್ಕೂ ಹಾಕಿದ. ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ. ಎಂದಿನಂತೆ ಅವಳ ಮುಂದೆ ಹತ್ತಿ ತಂದಿಟ್ಟ. ಅವಳು ನೂತ ಲಡಿಗಳನ್ನು ಅಟ್ಟದ ಮೇಲೆ ಗೋಣಿಯಲ್ಲಿ ತುಂಬಿಟ್ಟ.

"ಯಾರು ತಂದದ್ದು ಇದನ್ನ?" ಅತ್ತೆ ಕೇಳಿದರು.

ಗಂಡನ ತುಟಿ ಅಲುಗಿತು, ಮಾತು ಹೊರಡಲಿಲ್ಲ. ತಾಯಿಯ ಮುಂದೆ ಅವನು ಯಾವತ್ತೂ ಹಾಗೆಯೇ...

"ನಾನೇ ಅತ್ತೆ," ಎಂದಳು ಸೊಸೆ. "ನಾನೇ ವರ್ತಕನ ಹತ್ತಿರ ಹೋಗಿ ತಂದೆ."

"ಅಂದ್ಕೊಂಡೆ! ಕಾಲಿಟ್ಟ ದಿನವೇ ಅಂದ್ಕೊಂಡೆ! ಬದುಕಿರೋವಾಗಲೇ ನನ್ನ ಮೂಲೆಗೆ ತಳ್ಳಿದೆಯಲ್ಲೇ..."

ಗಂಡ ಈಗ ಹೇಳುತ್ತಾನೆ, ಇನ್ನೇನು ಹೇಳುತ್ತಾನೆ ಎಂದು ಅವಳು ಕಾದಳು. ಅವನು ತಲೆ ತಗ್ಗಿಸಿ ಲಾಳಿ ಎಸೆಯತೊಡಗಿದ.

ಅಂದಿನಿಂದ ಅತ್ತೆ ಅವಳೊಡನೆ ಮಾತು ಬಿಟ್ಟರು. ನೀರು ಬೇಕಾದರೆ ಗೋಡೆಗೆ ಹೇಳುತ್ತಿದ್ದರು, "ಗಂಟಲು ಒಣಗಿದೆ." ಉಪ್ಪು ಕಡಿಮೆಯೆಂದು ತಟ್ಟೆಗೆ ಹೇಳುತ್ತಿದ್ದರು. ಸೊಸೆ ನೀರು ತರುತ್ತಿದ್ದಳು, ಉಪ್ಪು ಹಾಕುತ್ತಿದ್ದಳು, ಅವರ ತಲೆ ಬಾಚುತ್ತಿದ್ದಳು. ಬಾಚುವಾಗ ಒಂದೊಂದು ಸಲ ಎರಡು ಹನಿ ಆ ಬಿಳಿಗೂದಲ ಮೇಲೆ ಬೀಳುತ್ತಿದ್ದವು. ಅತ್ತೆ ಒರೆಸಿಕೊಳ್ಳುತ್ತಿದ್ದರೇ ಹೊರತು ಏನೆಂದು ಕೇಳುತ್ತಿರಲಿಲ್ಲ.

ಹೀಗೇ ಒಂದು ವರ್ಷ ಉರುಳಿತು. ಆಮೇಲೆ ಹಡಗಿನಲ್ಲಿ ನೂಲಿನ ಬದಲು ಬಟ್ಟೆಯೇ ಬಂತು... ನೇಯ್ದು, ಬಣ್ಣ ಹಾಕಿ, ಮಡಿಸಿಟ್ಟ ಬಟ್ಟೆ. ಒಂದು ಮಧ್ಯಾಹ್ನ ಮಗ ವರ್ತಕನಲ್ಲಿಗೆ ಒಯ್ದ ಗಂಟನ್ನು ಹಾಗೇ ಹೊತ್ತು ತಂದು, ತಾಯಿಯ ಕಾಲ ಬಳಿ ಕುಸಿದ.

"ಅವ್ವಾ, ನನ್ನ ಬಟ್ಟೆನೂ ಬೇಡವಂತೆ. ನಿನಗೆ ಮಾಡಿದ್ದನ್ನೇ ನಾನೂ ಉಣ್ತಾ ಇದ್ದೀನಿ. ಆ ನೂಲು ತಂದವಳು ಅವಳಲ್ಲ ಅವ್ವಾ... ನಾನು!"

"ಗೊತ್ತು," ಎಂದರು ಅತ್ತೆ.

ಒಲೆ ಊದುತ್ತಿದ್ದ ಸೊಸೆಯ ಉಸಿರು ಅರ್ಧಕ್ಕೆ ನಿಂತಿತು.

"ಅವತ್ತೇ ಗೊತ್ತಿತ್ತು. ಮಗ್ಗದವನು ಹೋಗಿ ಆರಿಸದೆ ಯಾವ ವರ್ತಕ ನೂಲು ಕೊಡ್ತಾನೆ? ನಿನ್ನ ಮೇಲೆ ಮುನಿಸಿಕೊಂಡಿದ್ರೆ ನನಗೆ ಯಾರಿದ್ರೋ? ಅದಕ್ಕೆ ಅವಳ ಮೇಲೆ ಹಾಕಿದೆ. ಅವಳು ಹೊರಗಿಂದ ಬಂದವಳು, ತಡ್ಕೋತಾಳೆ ಅಂದ್ಕೊಂಡೆ."

ಸೊಸೆ ಮಸಿಗೈಯನ್ನು ಒರೆಸಿಕೊಂಡು ಬಂದು ಅವರೆದುರು ನಿಂತಳು. ಮದುವೆಯಾದ ಒಂಬತ್ತು ವರ್ಷದಲ್ಲಿ ಅವಳು ಎದುರು ನಿಂತದ್ದು ಅದೇ ಮೊದಲು.

"ತಡ್ಕೊಂಡೆ, ಅತ್ತೆ. ಸುಳ್ಳು ನಾನೇ ಹೇಳಿದ್ದು, ಅದಕ್ಕೆ ತಡ್ಕೊಂಡೆ. ಆದ್ರೆ ನಿಜ ಗೊತ್ತಿದ್ದೂ ಸುಮ್ಮನಿದ್ರಲ್ಲ... ಒಂದು ವರ್ಷ! ಈ ಮನೇಲಿ ನನ್ನ ಜೊತೆ ಮಾತಾಡ್ತಿದ್ದದ್ದು ಒಲೆ ಒಂದೇ." ಗಂಡನತ್ತ ತಿರುಗಿದಳು. "ನೀವು ದಿನಾ ನೋಡ್ತಾ ಇದ್ರಿ."

ಅವನು ಮುಖ ಮುಚ್ಚಿಕೊಂಡ. ಅತ್ತೆ ಗಾಳಿಯಲ್ಲಿ ಕೈಯಾಡಿಸಿ ಅವಳ ಮಣಿಕಟ್ಟು ಹುಡುಕಿ ಹಿಡಿದರು. ಅವಳು ಬಿಡಿಸಿಕೊಳ್ಳಲಿಲ್ಲ, ತಿರುಗಿ ಹಿಡಿಯಲೂ ಇಲ್ಲ.

ಮಗ್ಗವನ್ನು ಮರದ ಬೆಲೆಗೆ ಕೊಂಡ ಬಡಗಿ ಬಿಚ್ಚಿಕೊಂಡು ಹೋದ. ಗಂಡ ಬಂದರಿನಲ್ಲಿ ಕೂಲಿಗೆ ಸೇರಿದ. ಅವನ ಬೆನ್ನಿಗೇರಿದ್ದು ಆ ದೂರದೇಶದ ಬಟ್ಟೆಯ ಮೂಟೆಗಳೇ. ಸೊಸೆಗೆ ದರ್ಜಿಯ ಅಂಗಡಿಯಲ್ಲಿ ಅಂಚು ಹೊಲಿಯುವ ಕೆಲಸ ಸಿಕ್ಕಿತು. ಮೊದಲ ದಿನ ಅವಳು ಹೊರಟಾಗ ಅತ್ತೆ ಬಾಗಿಲಿಗೆ ಬಂದರು.

"ನನ್ನನ್ನೂ ಕರ್ಕೊಂಡು ಹೋಗು. ಕಾಣದಿದ್ರೇನು, ಬಟ್ಟೆ ಮಡಿಚಿ ಹಿಡಿದು ಕೊಡ್ತೀನಿ."

ಸೊಸೆ ಹೊಸ್ತಿಲಿಗೆ ಹಿಂದಿರುಗಿ ಬಂದಳು. ಆಮೇಲೆ ತೋಳು ಚಾಚಿದಳು.

"ಬನ್ನಿ. ಆದ್ರೆ ದಾರಿಯುದ್ದಕ್ಕೂ ಮಾತಾಡ್ಬೇಕು. ಒಂದು ವರ್ಷದ್ದು ಬಾಕಿ ಇದೆ."

"ಎಲ್ಲಿಂದ ಶುರು ಮಾಡ್ಲಿ?"

"ಬೈಗುಳ ಬಿಟ್ಟು ಎಲ್ಲಿಂದಾದ್ರೂ."

ಅತ್ತೆ ಬೀದಿಯ ತಿರುವಿನವರೆಗೂ ಯೋಚಿಸಿದರು. ಆಮೇಲೆ ಮೆಲ್ಲಗೆ, "ನಿನ್ನ ಅಡುಗೆಯಲ್ಲಿ ಉಪ್ಪು ಯಾವತ್ತೂ ಸರಿಯಾಗೇ ಇತ್ತು ಕಣೇ," ಎಂದರು.